ಎಡ ಮೊಣಕಾಲು

"ಬುದ್ಧಿ, ಹನ್ನೆರಡು ವರ್ಷ ನಿಮ್ಮ ಬಳಿ ಇದ್ದೇನೆ. ನೀವು ನಡೆದಂತೆ ನಡೆದಿದ್ದೇನೆ, ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ. ಇನ್ನು ನಾನೂ ನಾಲ್ಕು ಜನಕ್ಕೆ ಹೇಳಿಕೊಡಬಹುದೇ?" ಎಂದು ಶಿಷ್ಯ ಕೇಳಿದ. ದೂರದ ಊರಿನವರು ತಮ್ಮ ಮಠಕ್ಕೆ ಬನ್ನಿ ಎಂದು ಅವನನ್ನು ಕರೆದಿದ್ದರು. ಹೋಗಲು ಗುರುಗಳ ಒಪ್ಪಿಗೆಯೊಂದೇ ಬಾಕಿ ಇತ್ತು.

ಗುರುಗಳು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೃತ್ಯಶಿಕ್ಷಕಿ ಇದ್ದಳು. ಹರೆಯದಲ್ಲಿ ಅವಳು ಕುಣಿಯುತ್ತಿದ್ದರೆ ಜನ ಊಟ ಮರೆತು ನೋಡುತ್ತಿದ್ದರು. ಇಪ್ಪತ್ತಾರನೆಯ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿ ಬಿದ್ದಳು. ಪಾಚಿಗೆ ಏನು ಗೊತ್ತು, ಬೀಳುವವರು ದೊಡ್ಡವರೋ ಚಿಕ್ಕವರೋ? ಎಡ ಮೊಣಕಾಲು ಕೆಟ್ಟಿತು. ಇನ್ನು ವೇದಿಕೆಯ ಆಸೆ ಬಿಟ್ಟುಬಿಡಿ ಎಂದು ವೈದ್ಯರು ಹೇಳಿದರು. ಅವಳು ಮೂರು ತಿಂಗಳು ಅತ್ತಳು. ಆಮೇಲೆ, ಕಾಲು ಹೋದರೆ ಹೋಗಲಿ, ನನ್ನ ಕುಣಿತ ನಾಲ್ಕು ಮಕ್ಕಳಲ್ಲಿ ಉಳಿದರೆ ಸಾಕು ಎಂದುಕೊಂಡು ನಡುಮನೆಯಲ್ಲೇ ಪಾಠ ಶುರುಮಾಡಿದಳು. ಬದುಕಿನಲ್ಲಿ ಅವಳಿಗಿದ್ದ ಆಸೆ ಅದೊಂದೇ.

ಇಪ್ಪತ್ತೈದು ವರ್ಷ ಕಲಿಸಿದಳು. ಪ್ರತಿ ಹೆಜ್ಜೆಯನ್ನೂ ತಾನೇ ಎದ್ದು ನಿಂತು ತೋರಿಸಿದಳು. ಬಾಯಲ್ಲಿ ಹೇಳಿ ಕುಣಿತ ಕಲಿಸುವುದು ಬಾಯಲ್ಲಿ ಹೇಳಿ ಹೊಟ್ಟೆ ತುಂಬಿಸಿದಂತೆ ಎನ್ನುತ್ತಿದ್ದಳು. ತೋರಿಸುವಾಗ ನೋವು ನೆತ್ತಿಗೇರುತ್ತಿತ್ತು. ಮಕ್ಕಳ ಮುಂದೆ ಒಂದು ದಿನವೂ ನರಳಲಿಲ್ಲ.

ವರ್ಷಕ್ಕೊಮ್ಮೆ ಪುರಭವನದಲ್ಲಿ ಮಕ್ಕಳ ಪ್ರದರ್ಶನ ನಡೆಯುತ್ತಿತ್ತು. ಆಗೆಲ್ಲ ಅವಳು ವೇದಿಕೆಯ ಪಕ್ಕದಲ್ಲಿ ಕೂತು ತಾಳ ಹಾಕುತ್ತ ಜತಿ ಹೇಳುತ್ತಿದ್ದಳು. ಎಲ್ಲಿ ತಾಳ ತಪ್ಪುತ್ತದೋ ಎಂಬ ದಿಗಿಲಿನಲ್ಲಿ ಕಣ್ಣು ತನ್ನ ಕೈಯ ತಾಳ ಬಿಟ್ಟು ಮೇಲೇಳುತ್ತಿರಲಿಲ್ಲ. ಇಪ್ಪತ್ತೈದನೆಯ ವರ್ಷ ಹಿರಿಯ ಶಿಷ್ಯೆ ಬಂದು, ಈ ಸಲ ತಾಳ ನಾನು ಹಾಕುತ್ತೇನೆ, ನೀವು ಮುಂದಿನ ಸಾಲಿನಲ್ಲಿ ಕೂತು ಕಣ್ತುಂಬ ನೋಡಿ ಎಂದಳು. ಈ ಶಿಷ್ಯೆ ಪಕ್ಕದ ಊರಿನಲ್ಲಿ ಆಗಲೇ ತನ್ನದೇ ಶಾಲೆ ತೆರೆದು ನಲವತ್ತು ಮಕ್ಕಳಿಗೆ ಕಲಿಸುತ್ತಿದ್ದಳು. ಶಿಕ್ಷಕಿ ಹೊಸ ಸೀರೆ ಉಟ್ಟು ಬಂದು ಕೂತಳು. ಸುತ್ತ ಅಪ್ಪಂದಿರು ಫೋನು ಎತ್ತಿ ಹಿಡಿದಿದ್ದರು, ತಮ್ಮ ಮಗಳನ್ನು ಬಿಟ್ಟರೆ ಮಿಕ್ಕವರೆಲ್ಲ ಅಡ್ಡ ಎನ್ನುವ ಹಾಗೆ.

ಪರದೆ ಸರಿಯಿತು. ಇಪ್ಪತ್ತೆರಡು ಹುಡುಗಿಯರು ಮಂಡಿ ಬಾಗಿಸಿ ನಿಂತಿದ್ದರು. ಇಪ್ಪತ್ತೆರಡು ಮಂದಿಯೂ ಬಲಕ್ಕೆ ಒಂದಿಷ್ಟು ವಾಲಿದ್ದರು. ಎಲ್ಲರ ಎಡ ಹಿಮ್ಮಡಿಯೂ ನೆಲದಿಂದ ಒಂದು ಬೆರಳು ಮೇಲಿತ್ತು. ತಾಳ ಶುರುವಾಯಿತು. ಎಡಗಾಲು ನೆಲಕ್ಕೆ ಬಡಿದಾಗಲೆಲ್ಲ ಇಪ್ಪತ್ತೆರಡು ಹುಡುಗಿಯರೂ ಒಟ್ಟಿಗೇ ಕೆಳತುಟಿ ಕಚ್ಚಿದರು.

ಶಿಕ್ಷಕಿಯ ಕೈ ತನ್ನ ಮೊಣಕಾಲಿನ ಮೇಲೆ ಹೋಯಿತು. ಪಾಠದಲ್ಲಿ ಒಬ್ಬೊಬ್ಬರಲ್ಲಿ ಇದನ್ನು ಕಂಡಿದ್ದಳು. ಪಾಪ, ಮಗು ದಣಿದಿದೆ ಎಂದುಕೊಂಡಿದ್ದಳು. ಒಬ್ಬಳಲ್ಲಿ ಕಂಡರೆ ಅದು ಆ ಹುಡುಗಿಯ ಅಭ್ಯಾಸ. ಇಪ್ಪತ್ತೆರಡು ಜನರಲ್ಲಿ ಒಮ್ಮೆಗೇ ಕಂಡರೆ ಅದು ಯಾರದೆಂದು ಕೇಳಬೇಕಾಗಿಲ್ಲ. ಅವಳು ತನ್ನ ಹರೆಯದ ಕುಣಿತವನ್ನು ವೇದಿಕೆಯ ಈ ಮೂಲೆಯಿಂದ ಆ ಮೂಲೆಯವರೆಗೆ ಹುಡುಕಿದಳು. ಒಬ್ಬಳಲ್ಲೂ ಇರಲಿಲ್ಲ.

ಜನ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಕೂತ ಹೆಂಗಸು, ಆ ತುಟಿ ಕಚ್ಚುವ ಭಾವ ಬೇರೆ ಯಾವ ಶಾಲೆಯ ಮಕ್ಕಳಿಗೂ ಬರುವುದಿಲ್ಲ ಎಂದು ಮೆಚ್ಚಿದಳು. ಮುಖ್ಯ ಅತಿಥಿ ಮೈಕಿನ ಮುಂದೆ ನಿಂತು, ಬಲಕ್ಕೆ ಬಳುಕುವುದು ಈ ಶಾಲೆಯ ಛಾಪು, ಇದನ್ನು ಉಳಿಸಿಕೊಂಡು ಹೋಗಬೇಕು ಎಂದರು. ಶಿಕ್ಷಕಿಯನ್ನು ಮೇಲೆ ಕರೆದು ಶಾಲು ಹೊದಿಸಿದರು. ಅವಳು ತಲೆ ತಗ್ಗಿಸಿ ಹೊದಿಸಿಕೊಂಡಳು.

ಎಲ್ಲ ಮುಗಿದ ಮೇಲೆ ಹಿರಿಯ ಶಿಷ್ಯೆಯನ್ನು ವೇದಿಕೆಯ ಹಿಂದಿನ ಕೋಣೆಗೆ ಕರೆದಳು. ಅದು ಕುಣಿತವಲ್ಲ, ನನ್ನ ಕಾಲುನೋವು ಎಂದು ಬಿಡಿಸಿ ಹೇಳಿದಳು. ಎರಡೂ ಪಾದ ಊರಿ, ನೆಟ್ಟಗೆ ನಿಂತು ಕುಣಿ ಎಂದಳು. ಶಿಷ್ಯೆ ನಾಲ್ಕು ಹೆಜ್ಜೆ ಹಾಕಿ ನಿಲ್ಲಿಸಿದಳು.

"ಹೀಗೆ ನಿಂತರೆ ಕುಣಿದ ಹಾಗೇ ಅನ್ನಿಸುವುದಿಲ್ಲ ಅಮ್ಮ. ನೀವೇ ಒಂದು ಸಲ ತೋರಿಸಿ," ಎಂದಳು.

ಶಿಕ್ಷಕಿ ಸೆರಗು ಸಿಕ್ಕಿಸಿ ನಿಂತಳು. ಇದ್ದಬದ್ದ ಬಲವನ್ನೆಲ್ಲ ಹಾಕಿ ಎಡ ಹಿಮ್ಮಡಿಯನ್ನು ನೆಲಕ್ಕೆ ಒತ್ತಿದಳು. ಮೊಣಕಾಲು ಒಪ್ಪಲಿಲ್ಲ. ಮೈ ತಾನಾಗಿಯೇ ಬಲಕ್ಕೆ ವಾಲಿತು. ತುಟಿ ಹಲ್ಲಿನ ಕೆಳಗೆ ಹೋಯಿತು. ಶಿಷ್ಯೆ ರೆಪ್ಪೆ ಬಡಿಯದೆ ನೋಡಿದಳು.

"ನಾನು ಮಾಡುವುದೂ ಇದನ್ನೇ ಅಲ್ಲವೇ ಅಮ್ಮ?" ಎಂದು ಕಾಲಿಗೆರಗಿದಳು. ದೊಡ್ಡವರು ತಮ್ಮನ್ನು ತಾವೇ ಹಳಿದುಕೊಳ್ಳುತ್ತಾರೆ ಎಂದು ಅವಳು ಕೇಳಿದ್ದಳು. ಇದೂ ಅದೇ ಎಂದುಕೊಂಡಳು.

ಮರುದಿನದಿಂದ ಶಿಕ್ಷಕಿ ಎದ್ದು ತೋರಿಸುವುದನ್ನು ಬಿಟ್ಟಳು. ಕುರ್ಚಿಯಲ್ಲಿ ಕೂತು, ನೆಟ್ಟಗೆ, ನೆಟ್ಟಗೆ ಎಂದು ಗಂಟಲು ಒಣಗಿಸಿಕೊಂಡಳು. ಮಕ್ಕಳು ಮಿಕಮಿಕ ನೋಡಿದರು. ನೆಟ್ಟಗಿನ ಕುಣಿತವನ್ನು ಅವರು ಕಂಡಿದ್ದರೆ ತಾನೇ? ತಾಯಂದಿರು ಮೊದಲು ಗೊಣಗಿದರು. ಆಮೇಲೆ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಅವಳಿಗೆ ಕೇಳಿಸುವಂತೆಯೇ ಆಡಿಕೊಂಡರು. ಒಬ್ಬೊಬ್ಬರಾಗಿ ಮಕ್ಕಳನ್ನು ಹಿರಿಯ ಶಿಷ್ಯೆಯ ಶಾಲೆಗೆ ಸೇರಿಸಿದರು. ಅವಳು ಎದ್ದು ನಿಂತು ತೋರಿಸುತ್ತಿದ್ದಳಲ್ಲ. ಮುಂದಿನ ವರ್ಷ ಪುರಭವನದಲ್ಲಿ ಶಿಷ್ಯೆಯ ಶಾಲೆಯ ಅರವತ್ತು ಮಕ್ಕಳು ಕುಣಿದರು. ಶಿಕ್ಷಕಿಗೆಂದು ಮುಂದಿನ ಸಾಲಿನಲ್ಲಿ ಕುರ್ಚಿ ಇಟ್ಟಿದ್ದರು. ಅವಳು ಹೋಗಲಿಲ್ಲ. ಖಾಲಿ ನಡುಮನೆಯಲ್ಲಿ ಕೂತು ಅತ್ತಳು. ಈ ಸಲದ ಅಳು ಮೂರು ತಿಂಗಳಿಗೆ ನಿಲ್ಲಲಿಲ್ಲ.

ಇಷ್ಟು ಹೇಳಿ ಗುರುಗಳು, ಇದರಲ್ಲಿ ತಪ್ಪು ಯಾರದು ಎಂದು ಶಿಷ್ಯನನ್ನು ಕೇಳಿದರು.

ಶಿಷ್ಯ ಕಣ್ಣು ಮುಚ್ಚಿದ. ಒಂದು ಗಳಿಗೆ ಹಾಗೆಯೇ ಕೂತ. ಆಮೇಲೆ ಕಣ್ಣು ತೆರೆದು ಸಾವಕಾಶವಾಗಿ, "ತಪ್ಪು ಶಿಷ್ಯೆಯದು, ಬುದ್ಧಿ. ಗುರುವಿನಲ್ಲಿ ವಿದ್ಯೆ ಯಾವುದು, ನೋವು ಯಾವುದು ಎಂದು ಅವಳು ತಿಳಿಯಬೇಕಿತ್ತು. ನಾನಾಗಿದ್ದರೆ ತಿಳಿಯುತ್ತಿದ್ದೆ," ಎಂದ.

ಗುರುಗಳು ಹೇಳಿದರು: "ಅರ್ಧ ಕೇಳಿಸಿದ ಮಾತನ್ನು ಜೋಡಿಸಿಕೊಳ್ಳಲು ನಾನು ಹೀಗೆ ಕಣ್ಣು ಮುಚ್ಚುತ್ತೇನೆ ಮಗೂ, ನನಗೆ ಕಿವಿ ಮಂದ, ನಿನ್ನ ಕಿವಿಗೇನಾಗಿದೆ?"