ಎಮ್ಮೆಯ ಪಾಲಾದ ಬೂಸಾ

ಜರಡಿಯಿಂದ ಇಳಿದ ಬಿಳಿ ಹಿಟ್ಟು, ಮೇಲುಳಿದ ಬೂಸಾ ನೋಡಿ ಮೂಗು ಮುರಿಯಿತು. "ಹೋಗು, ಎಮ್ಮೆಯ ಕಲಗಚ್ಚಿಗೆ ಬೀಳು. ಯಜಮಾನರ ಹೊಟ್ಟೆಯಲ್ಲಿ ನಿನಗೇನು ಕೆಲಸ?"

"ಪಿತ್ತರಸವನ್ನು ಹೊತ್ತು ಹೊರಗೆ ಹಾಕುವುದು," ಎಂದಿತು ಬೂಸಾ. ಯಾರೂ ಕೇಳಲಿಲ್ಲ, ಅದು ಎಮ್ಮೆಯ ಪಾಲಾಯಿತು.

ಹಿಟ್ಟು ದಿನವೂ ಪೂರಿಯಾಗಿ, ಎಣ್ಣೆ ಕುಡಿದು, ಮೆರೆಯುತ್ತ ಹೊಟ್ಟೆಗಿಳಿಯಿತು. ಎಣ್ಣೆ ಕರಗಿಸಿ ದಣಿದ ಪಿತ್ತರಸ ಕೇಳಿತು: "ನನ್ನನ್ನು ಹೊರುವವರೆಲ್ಲಿ?"

"ಹೊರುವ ಕೆಲಸ ನಮ್ಮ ಅಂತಸ್ತಿಗೆ ತಕ್ಕದ್ದಲ್ಲ," ಎಂದು ಹಿಟ್ಟು ಕರಗಿ ಮಾಯವಾಯಿತು. ಪಿತ್ತರಸ ದೊಡ್ಡ ಕರುಳಿನಲ್ಲೇ ಠಿಕಾಣಿ ಹೂಡಿ, ವರ್ಷಗಟ್ಟಲೆ ಗೋಡೆ ಕೆರೆಯಿತು. ಅಲ್ಲಿ ಕ್ಯಾನ್ಸರ್ ಗಂಟು ಎದ್ದಿತು.

"ಏನು ತಿನ್ನುತ್ತಿದ್ದಿರಿ?" ಎಂದು ಡಾಕ್ಟರು ಕೇಳಿದರು.

"ಜರಡಿ ಹಿಡಿಯದ ಹಿಟ್ಟು ನಮ್ಮ ಅಡುಗೆಮನೆಗೇ ಬಂದಿಲ್ಲ," ಎಂದರು ಯಜಮಾನರು, ಆಗಲೂ ಹೆಮ್ಮೆಯಿಂದ.

ಕೊಟ್ಟಿಗೆಯಲ್ಲಿ ಎಮ್ಮೆ ಬಾಲ ಎತ್ತಿ ಸಲೀಸಾಗಿ ಸಗಣಿ ಹಾಕಿತು.