ಹನ್ನೊಂದು ಗಳಿಗೆಯ ಬೀಗ

"ಕೇಳ್ರಪ್ಪೋ ಕೇಳ್ರಿ! ರಾಜಮಾತೆ ಚೆನ್ನಾಜಮ್ಮಣ್ಣಿಯವರಿಗೆ ಬೆಳಗಾಗುವಷ್ಟರಲ್ಲಿ ಲಕ್ವ ಹೊಡೆದಿದೆ. ಬಾಯಿ ಸೊಟ್ಟಗಾಗಿದೆ, ಮಾತು ಬಿದ್ದಿದೆ, ಬಲಗೈ ಏಳುತ್ತಿಲ್ಲ. ದಾರಿ ತೋರಬಲ್ಲವರು ಅರಮನೆಗೆ ಬಂದು ಮೊದಲು ಆಸ್ಥಾನವೈದ್ಯರ ಮೂರು ಒಗಟು ಬಿಡಿಸತಕ್ಕದ್ದು. ಬಿಡಿಸಿದವರು ಕೇಳಿದ್ದನ್ನು ಕೊಡಲಾಗುವುದು. ತಪ್ಪಿದವರ ತಲೆ ಸಂಜೆಗೆ ಉರುಳುವುದು!"

ಡಂಗುರ ಕೇಳಿದಾಗ ನೀರುಗಂಟಿ ಮಾಳಿಗ ಕೆರೆಯ ತೂಬಿನ ಬಳಿ ಮೊಣಕಾಲುದ್ದ ಕೆಸರಿನಲ್ಲಿದ್ದ. ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವನ ಕೆಲಸ. ಹಿಂದೊಮ್ಮೆ ಅವನ ತಂಗಿ ಚಳಿಜ್ವರದಲ್ಲಿ ನಡುಗುವಾಗ ರಾಜಮಾತೆ ತಾವು ಹೊದ್ದಿದ್ದ ಶಾಲನ್ನೇ ಬಿಚ್ಚಿ ಕೊಟ್ಟಿದ್ದರು. ಮಾಳಿಗ ಸಲಿಕೆ ಎಸೆದು ಅರಮನೆಗೆ ಓಡಿದ.

ಅಲ್ಲಿ ಕಂಡದ್ದೇನು? ಮಂಚದ ಮೇಲೆ ಮುದುಕಿಯ ಬಾಯಿಂದ ಜೊಲ್ಲು ಸುರಿಯುತ್ತಿದೆ, ಜೊಲ್ಲಿಗೆ ನೊಣ ಮುತ್ತಿದೆ. ಮೂರು ಮಾರು ದೂರದಲ್ಲಿ ಪಂಡಿತರ ಪಂಕ್ತಿ ಹೋಳಿಗೆ ಹೊಡೆಯುತ್ತಿದೆ! ತುಪ್ಪ ಮೊಣಕೈವರೆಗೆ ಇಳಿದಿದೆ, ತೇಗು ಕೇಳಿಸುತ್ತಿದೆ. ಆಸ್ಥಾನವೈದ್ಯ ನರಹರಿ ಪಂಡಿತ ಕನ್ನಡಿ ಹಿಡಿದು ಮೀಸೆ ತಿದ್ದಿಕೊಳ್ಳುತ್ತಿದ್ದ. ಅದು ತಲೆಯೊಳಗಿನ ನೆತ್ತರ ಹರಿವನ್ನೇ ತೋರಿಸುವ ಕನ್ನಡಿ, ದೊರೆ ಹಡಗಿನವರಿಂದ ತರಿಸಿಕೊಟ್ಟದ್ದು. ಹೆಪ್ಪುಗಟ್ಟಿದ ನೆತ್ತರು ಕರಗಿಸುವ ಮದ್ದೂ ಪಂಡಿತನ ಪೆಟ್ಟಿಗೆಯಲ್ಲೇ ಬೀಗದೊಳಗಿತ್ತು.

"ಕಾಯಿಲೆ ಬಡಿದು ಹನ್ನೊಂದು ಗಳಿಗೆ ದಾಟಿದ ಮೇಲೆ ಆ ಮದ್ದು ಕೊಟ್ಟರೆ ತಲೆಯೊಳಗೆ ನೆತ್ತರು ಒಡೆದೀತು," ಎಂದ ಪಂಡಿತ, ತಾಯಿಯ ಮಂಚದ ಬಳಿ ನಿಂತಿದ್ದ ದೊರೆಗೆ. "ನಿದ್ದೆಯಲ್ಲಿ ಬಡಿದ ಕಾಯಿಲೆ, ಹೊತ್ತು ಯಾರಿಗೂ ಗೊತ್ತಿಲ್ಲ. ಇನ್ನು ಶಾಸ್ತ್ರದಲ್ಲಿ ದಾರಿಯಿಲ್ಲ, ಪ್ರಭು."

ತನಗಿಲ್ಲದ ದಾರಿ ಬೇರೆಯವರಿಗೆ ಸಿಕ್ಕರೆ ಮಾನ ಹೋಗುತ್ತದಲ್ಲ, ಅದಕ್ಕೇ ಒಗಟುಗಳ ಬೇಲಿ ಕಟ್ಟಿದ್ದ. ಒಗಟುಗಳೂ ಅವನವಲ್ಲ, ಅವನ ಗುರು ಬರೆದಿಟ್ಟವು. ಉತ್ತರದ ಓಲೆ ದೊರೆಯ ಕೈಯಲ್ಲಿತ್ತು.

"ಸತ್ತಿಲ್ಲ, ಬದುಕಿಯೂ ಇಲ್ಲ. ತಲೆ ಬಾಗಿಸಿ ಕಾಯುತ್ತದೆ. ಯಾವುದು?" ಎಂದು ಪಂಡಿತ ಕೇಳಿದ. ಜರಿಶಾಲಿನ ಶಾಸ್ತ್ರಿಯೊಬ್ಬ "ಪ್ರೇತ" ಎಂದ. ಭಟರು ಎಳೆದೊಯ್ದರು. ಮಣಿಸರದ ಮಾಂತ್ರಿಕನೊಬ್ಬ "ನಿದ್ದೆ" ಎಂದ. ಅವನನ್ನೂ ಎಳೆದೊಯ್ದರು. ಪಂಡಿತರ ಪಂಕ್ತಿ ನಕ್ಕು ಇನ್ನೊಂದು ಹೋಳಿಗೆ ಹಾಕಿಸಿಕೊಂಡಿತು.

ಮಾಳಿಗ ಮೊದಲು ತಲೆವಸ್ತ್ರ ಬಿಚ್ಚಿ ಮುದುಕಿಯ ಬಾಯಿ ಒರೆಸಿದ. ಅವಳ ಕಣ್ಣು ಅವನ ಕಡೆ ಹೊರಳಿತು. ಎಲ್ಲ ಕೇಳಿಸುತ್ತಿದೆ ಅವಳಿಗೆ!

"ಬಾಡಿದ ಪೈರು ಬುದ್ಧೀ," ಎಂದ. "ಕಾಲ್ವೆ ಕಟ್ಕಂಡ್ರೂ ಪಕ್ಕದ ಗದ್ದೆಯಿಂದ ವಸಿ ತೇವ ಜಿನುಗ್ತಿರ್ತದೆ. ಅದ್ನ ಹಿಡ್ಕಂಡು ಕಾಯ್ತದೆ."

ದೊರೆ ಓಲೆ ನೋಡಿ ತಲೆಯಾಡಿಸಿದ. ಪಂಡಿತನ ಮೀಸೆ ಇಳಿಯಿತು.

"ಹೊತ್ತಿಗೆ ಬಂದರೆ ಎಲ್ಲರನ್ನೂ ಉಳಿಸುತ್ತದೆ. ತಡವಾಗಿ ಬಂದರೆ ಒಬ್ಬನನ್ನು ಉಳಿಸುತ್ತದೆ, ಇನ್ನೊಬ್ಬನನ್ನು ಮುಳುಗಿಸುತ್ತದೆ. ಏನದು?"

"ತೂಬಿನ ನೀರು. ತೇವ ಇರೋ ಗದ್ದೆಗೆ ತಡವಾಗಿ ಬಿಟ್ರೂ ಪೈರು ಏಳ್ತದೆ. ಒಣಗಿ ಬಿರುಕು ಬಿಟ್ಟಿದ್ರೆ ನೀರು ಬಿರುಕಿಗೆ ನುಗ್ಗಿ ಬದುವನ್ನೇ ಒಡೀತದೆ."

"ಯಾರೂ ಕಾಣದ ಹೊತ್ತನ್ನು ಅಳೆಯುವುದು ಹೇಗೆ?"

ಮಾಳಿಗನ ಸಿಟ್ಟು ನೆತ್ತಿಗೇರಿತು. "ಅಳೀಬ್ಯಾಡಿ ಸೋಮಿ! ನೀರು ಯಾವಾಗ ನಿಂತಿತು ಅಂತ ಸೂರ್ಯನ್ನ ನೋಡ್ಕಂಡು ನಿಂತ್ರೆ ಪೈರು ಸಾಯ್ತದೆ. ಗದ್ದೆಗಿಳಿದು ಕೆಸರಿಗೆ ಬೆರಳಿಟ್ಟು ನೋಡಿ. ತೇವ ಇದ್ರೆ ಹೊತ್ತೈತೆ. ನಿಮ್ ಕೈಲಿ ಕನ್ನಡಿ ಐತೆ, ಒಂದು ಸಲನಾದ್ರೂ ದೊಡ್ಡವ್ವನ ತಲೆಗೆ ಹಿಡಿದ್ರಾ?"

ದೊರೆ ಓಲೆಯ ಕೊನೆಯ ಸಾಲು ಗಟ್ಟಿಯಾಗಿ ಓದಿದ: "ಹೊತ್ತನ್ನಲ್ಲ, ಗದ್ದೆಯನ್ನು ನೋಡು." ಪಂಡಿತ ಇಪ್ಪತ್ತು ವರ್ಷ ಅರ್ಥವರಿಯದೆ ಬಾಯಿಪಾಠ ಹೇಳಿದ್ದ ಸಾಲು ಅದು. ದೊರೆ ಕನ್ನಡಿಯನ್ನು ಕಿತ್ತುಕೊಂಡು ತಾಯಿಯ ತಲೆಗೆ ಹಿಡಿದ. ಹೆಬ್ಬೆರಳಿನಷ್ಟು ಜಾಗ ಸತ್ತು ಕಪ್ಪಾಗಿತ್ತು, ಅದರ ಸುತ್ತ ಅಂಗೈಯಗಲ ಬರೀ ಬಾಡಿತ್ತು, ತೇವ ಇನ್ನೂ ಜಿನುಗುತ್ತಿತ್ತು. ನೆತ್ತರು ಒಸರಿದ ಗುರುತು ಎಲ್ಲೂ ಇರಲಿಲ್ಲ.

ಬೀಗ ತೆರೆಯಿತು. ಮದ್ದು ನರಕ್ಕೆ ಇಳಿಯಿತು. ಸಂಜೆಯಾಗುವ ಮೊದಲೇ ಬಾಯಿ ನೆಟ್ಟಗಾಯಿತು, ಬಲಗೈ ಎದ್ದಿತು. ಎರಡು ಬೆರಳು ಮಾತ್ರ ಮರಳಲಿಲ್ಲ. ಕಪ್ಪಾಗಿದ್ದ ಜಾಗಕ್ಕೆ ಯಾರು ತಾನೇ ಏನು ಮಾಡಿಯಾರು?

"ಕೇಳು ಮಾಳಿಗ, ಅರ್ಧ ರಾಜ್ಯ ಕೇಳಿದರೂ ಕೊಡುತ್ತೇನೆ," ಎಂದ ದೊರೆ.

"ಆ ಇಬ್ಬರ ತಲೆ ಬಿಟ್ಬುಡಿ ಬುದ್ಧೀ. ಪೆಟ್ಟಿಗೆ, ಕನ್ನಡಿ ಎಲ್ಡೂ ಇನ್ಮೇಲೆ ಬೀಗ ಇಲ್ದಂಗೆ ಊರ ಛತ್ರದಾಗಿರ್ಲಿ."

ದೊರೆ ಎರಡಕ್ಕೂ ಒಪ್ಪಿ, ತೂಬಿನ ಕೆಳಗಿನ ಗದ್ದೆಯನ್ನು ಅವನ ಹೆಸರಿಗೆ ಬರೆಸಿದ.

ಅಷ್ಟರಲ್ಲಿ ನರಹರಿ ಪಂಡಿತ ಕೈ ತೊಳೆದು, ಶಾಲು ಸರಿಪಡಿಸಿಕೊಂಡು ಮಂಚದ ಬಳಿ ಬಂದು ಬಾಗಿದ. "ತಾಯೀ, ಎಲ್ಲ ನಮ್ಮ ಶಾಸ್ತ್ರದ ಮಹಿಮೆ!"

ಬೆಳಗಿನಿಂದ ತುಟಿ ನಿಲ್ಲದೆ ಜೊಲ್ಲು ಸುರಿಸಿದ್ದ ಮುದುಕಿ ಬಾಯಿ ಬಿಗಿಹಿಡಿದು ಎಂಜಲು ಕೂಡಿಸಿಕೊಂಡಳು.

"ಥೂ!" ಎಂದಳು. ಗುರಿ ತಪ್ಪಲಿಲ್ಲ.