ಹೆಬ್ಬೆರಳ ಕೆಳಗಿನ ಸೂಜಿ

ಹೊಳೆ ದಂಡೆಯ ಮಠದ ಆಸ್ಪತ್ರೆಯಲ್ಲಿ ಎಕ್ಸ್-ರೇ ಯಂತ್ರ ಒಂದೇ. ಯಂತ್ರ ಹಳೆಯದು. ಅದರ ಚಿತ್ರ ಓದುವ ಡಾಕ್ಟರ್ ಶೀಲವಂತರು ಯಂತ್ರಕ್ಕಿಂತ ಹಳಬರು. ಸುತ್ತಲಿನ ಹಳ್ಳಿಯವರ ಬಾಯಲ್ಲಿ ಅವರು ಫಿಲಂ ಅಜ್ಜ.

ನಗರದ ದೊಡ್ಡ ದೊಡ್ಡ ಯಂತ್ರಗಳನ್ನು ಬಿಟ್ಟು ಅವರ ಕೈಕೆಳಗೆ ಕಲಿಯಲು ಬಂದವಳು ಶಾಲ್ಮಲಾ. ಡಾಕ್ಟರ್ ಪದವಿ ಮುಗಿದಿತ್ತು. ಕಣ್ಣು ಪಳಗಬೇಕಿತ್ತು. ಬಂದು ವರ್ಷವಾಗುತ್ತ ಬಂದಿತ್ತು.

ಒಂದು ಮುಂಜಾನೆ ಅವಳು ಗುರುಗಳ ಕೋಣೆಗೆ ಓಡುತ್ತಲೇ ಬಂದಳು. ಕೈಯಲ್ಲಿ ನಾಲ್ಕು ಹಾಳೆ.

"ಸರ್, ಸಿಕ್ತು ನೋಡ್ರಿ!"

"ಏನು ಕಳದಿತ್ತವಾ?"

"ಕಳದಿದ್ದಿಲ್ರಿ, ಹುಡುಕಾಕತ್ತಿದ್ದೆ. ಬರದು ಅಚ್ಚಿಗೆ ಕಳಸುವಂಥಾ ಕೇಸು."

ನಗರದ ಕಾಲೇಜೊಂದರಲ್ಲಿ ಅವಳಿಗೆ ಹುದ್ದೆ ಕಾದಿತ್ತು. ಷರತ್ತು ಒಂದೇ. ಅವಳ ಹೆಸರಿನಲ್ಲಿ ಒಂದಾದರೂ ಲೇಖನ ವೈದ್ಯಪತ್ರಿಕೆಯಲ್ಲಿ ಬಂದಿರಬೇಕು. ಗಡುವಿಗೆ ಎರಡು ತಿಂಗಳು ಉಳಿದಿತ್ತು. ಮಠದ ಆಸ್ಪತ್ರೆಗೆ ಬರುವುದು ಮುರಿದ ಕೈ, ಉಳುಕಿದ ಸೊಂಟ, ಕಫ ಕಟ್ಟಿದ ಎದೆ. ಅಷ್ಟೂ ದಿನಬಳಕೆಯ ಮಾಲು. ಅದನ್ನು ಯಾವ ಪತ್ರಿಕೆ ಹಾಕೀತು?

ಹಿಂದಿನ ದಿನ ಫಕೀರವ್ವ ಬಂದಿದ್ದಳು. ಹಳೆ ಬಟ್ಟೆ ಸೇರಿಸಿ ಕೌದಿ ಹೊಲಿಯುವವಳು, ವಯಸ್ಸು ಐವತ್ತರ ಆಚೀಚೆ. ಒಂದು ತಿಂಗಳಿಂದ ಕೆಮ್ಮು. ಎದೆಯ ಚಿತ್ರ ತೆಗೆದರೆ, ಹೃದಯದ ನೆರಳಿಗೆ ಒರಗಿಕೊಂಡು ಬೆಳ್ಳಗೆ ಹೊಳೆಯುವ ಒಂದು ಹೊಲಿಗೆ ಸೂಜಿ!

ಗುರುಗಳ ಕಣ್ಣು ಅರಳಿತು. "ಎದ್ಯಾಗ ಸೂಜಿ? ಹೆಂಗ ಹೋತಂತ?"

"ಆಕೀನ್ನ ಕೇಳ್ರಿ, ಹೊರಗ ಕುಂತಾಳ. ನಾಳೆ ನಗರದ ದೊಡ್ಡ ಆಸ್ಪತ್ರೆಗೆ ಕಳಸಾಕತ್ತೀನಿ. ಸರ್ಜನ್ ಒಪ್ಪ್ಯಾರ. ಎದಿ ತೆರದು ಸೂಜಿ ತಗೀತಾರ. ಅದರ ಕೂಡ ಕೆಮ್ಮೂ ಹೋಗತೈತಿ, ನನ್ನ ಲೇಖನಾನೂ ಮುಗೀತೈತಿ."

ಫಕೀರವ್ವ ಒಳಗೆ ಬಂದಳು. ಕೇಳುವುದೇ ತಡ, ಶುರು ಹಚ್ಚಿಕೊಂಡಳು.

"ಮದುವ್ಯಾಗಿ ಎರಡನೇ ವರ್ಷರಿ ಅಜ್ಜಾರ. ಕೌದಿ ಹೊಲಕೋತ ಹೊಲಕೋತ ಅದರ ಮ್ಯಾಲೇ ಬೋರಲ ಬಿದ್ದು ನಿದ್ದಿ ಮಾಡಿಬಿಟ್ಟೆ. ಎದ್ದಾಗ ಎದ್ಯಾಗ ಚುಚ್ಚಿಧಂಗಾತು. ನೆತ್ತರ ನೋಡಿದ್ರ ಒಂದು ಹನಿ. ಸೂಜಿ ಮಾತ್ರ ಇಲ್ಲ."

"ಹುಡುಕಲಿಲ್ಲೇನವಾ?"

"ಮನಿ ತುಂಬ ಹುಡುಕೀನ್ರಿ. ತವರಿಗೆ ಸಾಗಿಸ್ಯಾಳ ಅಂತ ನಮ್ಮತ್ತಿ ಸಾಯೂತನಕಾ ಅಂದ್ಲು. ಒಂದು ಸೂಜಿ ಸಲುವಾಗಿ ಮೂವತ್ತು ವರ್ಷ ಕಳ್ಳಿ ಅನಿಸ್ಕೊಂಡೆ! ನನ್ನ ಹತ್ರಾನ ಇತ್ತಲ್ರೀ, ಹಾಳಾದ್ದು!"

ನಗು ಬಂತು. ನಗುವಿನ ಬೆನ್ನಿಗೆ ಕೆಮ್ಮು ಬಂತು. ಸೆರಗನ್ನು ಬಾಯಿಗೆ ಹಿಡಿದಳು.

"ಈ ಚಿತ್ರ ಪತ್ರಿಕ್ಯಾಗ ಹಾಕಾಕ ನಿಮ್ಮ ಒಪ್ಪಿಗಿ ಐತಲ್ರಿ?" ಶಾಲ್ಮಲಾ ಗುರುಗಳ ಎದುರಿಗೇ ಇನ್ನೊಮ್ಮೆ ಕೇಳಿದಳು.

"ಹಾಕ್ರಿ ಡಾಕ್ಟ್ರಬಾಯಾರ. ದೊಡ್ಡ ಅಕ್ಷರದಾಗ ನನ್ನ ಹೆಸರೂ ಹಾಕ್ರಿ. ನಮ್ಮ ನಾದಿನಿ ಇನ್ನೂ ಗಟ್ಟಿ ಅದಾಳ, ಓದ್ಲಿ."

"ಹೆಸರು ಹಾಕಾಂಗಿಲ್ರಿ. ರೋಗಿ ಯಾರಂತ ಗೊತ್ತಾಗಬಾರದು, ಅದು ನಿಯಮ."

"ಹಂಗಾರ ಏನು ಬಂತು ಬಿಡ್ರಿ!" ಎನ್ನುತ್ತ ಫಕೀರವ್ವ ಹೊರಗೆ ಹೋದಳು. ಅವಳ ಕೆಮ್ಮು ಪಡಸಾಲೆಯ ತುದಿಯವರೆಗೂ ಕೇಳಿಸಿತು.

ಗುರುಗಳು ಹಾಳೆ ಕೈಗೆತ್ತಿಕೊಂಡರು. "ಯಾವ ಪತ್ರಿಕಿ?"

"ಮುಕ್ತ ಪತ್ರಿಕೆರಿ. ಚಂದಾ ಇಲ್ಲ, ಬೀಗ ಇಲ್ಲ. ಜಗತ್ತಿನ ಯಾವ ಮೂಲಿಯ ಡಾಕ್ಟರಾದ್ರೂ ಫೋನಿನಾಗ ತಗದು ಓದಬಹುದು."

"ನಮ್ಮಂಥಾ ಹಳೇ ಯಂತ್ರದವರೂ?"

"ಅವರೇ ಹೆಚ್ಚು ಓದೂದ್ರಿ."

"ಹಂಗಾರ ಭಾಳ ಹುಷಾರಿ ಬೇಕವಾ."

"ಯಾಕ್ರಿ?"

"ಬೀಗ ಹಾಕಿದ ತಪ್ಪು ನಾಕು ಮಂದಿಗೆ ಮುಟ್ಟತೈತಿ. ಬೀಗ ಇಲ್ಲದ್ದು ಎಲ್ಲಾರಿಗೂ."

ಅವರು ಹಾಳೆಯಲ್ಲಿದ್ದ ಚಿತ್ರವನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. ಅಂಗೈಯಗಲದ ಚಿತ್ರ. ತುಂಬ ಸೂಜಿಯೇ.

"ಇದರ ಸುತ್ತಲಿಂದು ಎಲ್ಲೆ ಹೋತು?"

"ಕತ್ತರಿಸೀನ್ರಿ. ಸೂಜಿ ಎದ್ದು ಕಾಣಲಿ ಅಂತ. ಎಲ್ಲಾರೂ ಹಂಗ ಮಾಡ್ತಾರ."

"ಅರಿವಿ ಅಂಗಡ್ಯಾಗ ಹುಟ್ಟಿದವ ನಾನು. ತುಂಡು ನೋಡಿ ಥಾನಿನ ದರ ಹೇಳಾಂಗಿಲ್ಲ. ಪೂರಾ ಫಿಲಂ ತಗೊಂಡು ಬಾ."

ಶಾಲ್ಮಲಾ ಫಿಲಂ ತಂದು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದಳು. ಗುರುಗಳು ಎದ್ದು ಬಂದರು. ಸೂಜಿಯ ಮೇಲೆ ತಮ್ಮ ಹೆಬ್ಬೆರಳು ಒತ್ತಿ ಹಿಡಿದರು. ಅಗಲವಾದ ಬೆರಳು. ಸೂಜಿ ಮಾಯವಾಯಿತು.

"ಈಗ ಓದು."

"ಸರ್, ಸೂಜಿ ಮುಚ್ಚೀರಿ."

"ಸೂಜಿ ನನ್ನ ತಾಬೇಕ್ಕ ಇರಲಿ. ಎಲ್ಲೂ ಹೋಗಾಂಗಿಲ್ಲ. ನೀ ಓದು."

ಬಂದ ಮೊದಲ ದಿನದ ಹಾಗೆ ಅವಳು ಓದತೊಡಗಿದಳು. ಪಕ್ಕೆಲುಬು, ನೆಟ್ಟಗಿವೆ. ಎದೆಯ ತಳದ ವಪೆ, ಸರಿಯಿದೆ. ಹೃದಯದ ನೆರಳು, ಅಳತೆಯಲ್ಲಿದೆ. ಬಲ ಪುಪ್ಪುಸ ಕೆಳಗಿನಿಂದ ಮೇಲಕ್ಕೆ, ಏನಿಲ್ಲ. ಎಡ ಪುಪ್ಪುಸ ಕೆಳಗಿನಿಂದ ಮೇಲಕ್ಕೆ.

ಮೇಲೆ, ಕೊರಳೆಲುಬಿನ ಹಿಂದೆ, ಅವಳ ಮಾತು ನಿಂತಿತು.

ಮಬ್ಬು. ಕನ್ನಡಿಗೆ ಉಸಿರು ತಾಗಿದರೆ ಕಾಣುವಷ್ಟು. ಎಲುಬಿನ ಮರೆಯಲ್ಲಿ ಕುಳಿತಿತ್ತು. ಹಾಳೆಯ ಚಿತ್ರದಲ್ಲಿ ಅದು ಇರಲೇ ಇಲ್ಲ. ಅವಳ ಕತ್ತರಿ ಅದರ ಕೆಳಗೆ ಹಾದುಹೋಗಿತ್ತು.

"ಕ್ಷಯ," ಎಂದಳು.

"ಇದ್ದೀತು. ಕಫದ ಪರೀಕ್ಷೆ ಮಾಡಿಸು, ಅದು ಹೇಳಲಿ."

ಗುರುಗಳು ಹೆಬ್ಬೆರಳು ತೆಗೆಯಲಿಲ್ಲ. "ಇನ್ನ ಸೂಜಿ. ಹೃದಯಕ್ಕ ಆತುಕೊಂಡೈತಿ ಅಂತ ಬರದೀಯಲ್ಲ, ಹೆಂಗ ಗೊತ್ತು?"

"ಕಾಣತೈತಲ್ರಿ."

ಗುರುಗಳು ಅವಳನ್ನು ಕಿಟಕಿಯ ಹತ್ತಿರ ಕರೆದರು. ಹೊಳೆಯ ನಡುವೆ ಒಬ್ಬ ಅಂಬಿಗ ಹರಗೋಲು ನಡೆಸುತ್ತಿದ್ದ. ಅವನು ಎತ್ತಿದ ಬಿದಿರ ಜಲ್ಲೆಯ ತುದಿ, ಆಚೆ ದಂಡೆಯ ಗುಡಿಯ ಶಿಖರಕ್ಕೆ ತಾಗಿದಂತೆ ಕಂಡಿತು.

"ಗುಡಿಗೆ ಬಡದನೇನು ಅವ?"

"ಇಲ್ರಿ. ಜಲ್ಲಿ ಹೊಳ್ಯಾಗೈತಿ, ಗುಡಿ ಆಚೆ ದಂಡೀಗೈತಿ."

"ಎಲ್ಲಿಂದ ನೋಡಿದ್ರ ಅದು ಗೊತ್ತಾಗತೈತಿ?"

ಶಾಲ್ಮಲಾ ಹೊರಗೆ ಹೋಗಿ ಫಕೀರವ್ವನನ್ನು ಕರೆದಳು. ಯಂತ್ರದ ಮುಂದೆ ಅವಳನ್ನು ಅಡ್ಡ ನಿಲ್ಲಿಸಿ ಪಕ್ಕದಿಂದ ಇನ್ನೊಂದು ಚಿತ್ರ ತೆಗೆದಳು.

ಹೃದಯ ಎಲ್ಲೋ, ಸೂಜಿ ಎಲ್ಲೋ. ಪಕ್ಕೆಲುಬಿನಿಂದ ಈಚೆಗೆ, ತೊಗಲಿನ ಕೆಳಗಿನ ಮಾಂಸದಲ್ಲಿ ಸೂಜಿ ತಣ್ಣಗೆ ಮಲಗಿತ್ತು. ಮೂವತ್ತು ವರ್ಷದಲ್ಲಿ ಅದು ಯಾರ ತಂಟೆಗೂ ಹೋಗಿರಲಿಲ್ಲ. ಅದಕ್ಕಾಗಿ ಮರುದಿನ ಒಂದು ಎದೆಗೂಡು ತೆರೆಸುವ ಏರ್ಪಾಡು ಮಾಡಿ ಬಂದವಳು ತಾನು.

ಅವಳು ಸರ್ಜನರಿಗೆ ಫೋನು ಮಾಡಿದಳು. ಎರಡೂ ಚಿತ್ರ ಕಳಿಸಿದಳು. ಅವರು ಪಕ್ಕದ ಚಿತ್ರ ನೋಡಿ, ಇದನ್ನು ಮುಟ್ಟುವ ಅವಸರವೇ ಇಲ್ಲ ಎಂದರು. ಎರಡು ದಿನಕ್ಕೆ ಕಫದ ಪರೀಕ್ಷೆಯೂ ಬಂತು. ಕ್ಷಯವೇ.

ಫಕೀರವ್ವನಿಗೆ ಆರು ತಿಂಗಳ ಗುಳಿಗೆ ಶುರುವಾಯಿತು. ಮನೆಯವರನ್ನೆಲ್ಲ ಕರೆಸಿ ಪರೀಕ್ಷೆ ಮಾಡಿದರು. ಅವಳ ಮಗ್ಗುಲಲ್ಲಿ, ಒಂದೇ ಕೌದಿಯೊಳಗೆ ಮಲಗುತ್ತಿದ್ದ ಮೊಮ್ಮಗಳಿಗೆ ಇನ್ನೂ ತಗುಲಿರಲಿಲ್ಲ.

"ಮತ್ತ ಸೂಜಿರಿ?" ಫಕೀರವ್ವ ಕೇಳಿದಳು.

"ಅದು ಅಲ್ಲೇ ಇದ್ರ ಏನೂ ಆಗಾಂಗಿಲ್ರಿ. ನೋವು ಕೊಟ್ರ ಆಗ ತಗಿಯೂಣು."

"ಇರ್ಲಿ ಬಿಡ್ರಿ. ಅತ್ತಿ ಮನಿಯಿಂದ ನನಗ ಸಿಕ್ಕದ್ದು ಅದೊಂದ."

ಮೂರು ವಾರ ಕಳೆದವು. ಫಕೀರವ್ವನ ಕೆಮ್ಮು ಇಳಿಯಿತು. ಶಾಲ್ಮಲಾಳ ಮುಖವೂ ಇಳಿದಿತ್ತು.

ಸಂಜೆ ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕುಳಿತಿದ್ದರು. ಅವಳು ಎರಡು ಮೆಟ್ಟಿಲು ಕೆಳಗೆ ಕುಳಿತಳು.

"ಲೇಖನ ಸತ್ತುಹೋತ್ರಿ ಸರ್."

"ಏನಾಗಿತ್ತು ಅದಕ್ಕ?"

"ಚ್ಯಾಷ್ಟಿ ಮಾಡಬ್ಯಾಡ್ರಿ. ಹೃದಯದ ಬಾಜೂಕ ಇದ್ರ ಅದು ಸುದ್ದಿ. ತೊಗಲಿನ ಕೆಳಗಿನ ಸೂಜಿ ಯಾರಿಗೆ ಬೇಕು? ಕ್ಷಯ ಅಂತೂ ಓಣಿಗೆ ಒಬ್ಬರಿಗೈತಿ. ಹುದ್ದೇದ ಆಸೆ ಬಿಟ್ಟೆ."

"ಬರಿ."

"ಏನಂತ ಬರೀಲ್ರಿ?"

"ಆದದ್ದು ಆಧಂಗ."

"ನನ್ನ ಕಣ್ಣಿಗೆ ಬೀಳಲಿಲ್ಲ, ಎದಿ ತೆರಸಾಕ ಹೊಂಟಿದ್ದೆ, ಅಂತ ಬರೀಲ್ಯಾ? ಹುದ್ದಿ ಕೊಡೋರೂ ಅದನ್ನ ಓದ್ತಾರ್ರಿ."

ಗುರುಗಳು ಅವಳ ಕಡೆ ತಿರುಗಿದರು.

"ನಮ್ಮಪ್ಪನ ಅಂಗಡಿಗೆ ಒಮ್ಮೊಮ್ಮೆ ನೇಯ್ಗಿ ತಪ್ಪಿದ ಸೀರಿ ಬರ್ತಿತ್ತು. ತಪ್ಪಿದ ಕಡೀನ ಮೊದಲು ಬಿಚ್ಚಿ ತೋರಸ್ತಿದ್ದ."

"ಅದನ್ನ ಯಾರಾದ್ರೂ ಕೊಳ್ತಿದ್ರ?"

"ಅದನ್ನ ಯಾರೂ ಕೊಳ್ಳಲಿಲ್ಲ. ಉಳದದ್ದೆಲ್ಲಾ ಅವನ ಹತ್ರಾನ ಕೊಂಡ್ರು."

ಶಾಲ್ಮಲಾ ನಗಲಿಲ್ಲ. ಆದರೆ ಎದ್ದೂ ಹೋಗಲಿಲ್ಲ.

"ಬರೀತೀನಿ ಅನ್ನೂಣ್ರಿ. ಕ್ಷಯದ ಸಲುವಾಗಿ ಬರದದ್ದನ್ನ ಯಾರು ಬಂದು ಓದ್ತಾರ?"

"ಸೂಜಿ ನೋಡಾಕ ಬರ್ತಾರ. ಅಂಗಡಿ ಬಾಗಲಾಗ ಜರತಾರಿ ಸೀರಿ ಇಳೇ ಬಿಟ್ಟಿರ್ತಾರ. ಬಂದವರು ಒಯ್ಯೂದು ದಿನಾ ಉಡೂದನ್ನ."

ಅವಳು ಬರೆದಳು. ಬರೆದು, ಹರಿದು, ಮತ್ತೆ ಬರೆದಳು. ಈ ಸಲ ಫಿಲಮನ್ನು ಕತ್ತರಿಸಲಿಲ್ಲ. ಕೊರಳಿಂದ ಹೊಟ್ಟೆಯವರೆಗೆ ಪೂರ್ತಿ ಹಾಕಿದಳು. ತಾನು ಮೊದಲು ಏನು ಕಂಡೆ, ಏನು ಕಾಣಲಿಲ್ಲ, ಯಾರಿಗೆ ಫೋನು ಮಾಡಿದ್ದೆ, ಎಲ್ಲ ಬರೆದಳು. ಕೊನೆಗೆ ಒಂದು ಕಡೆ ಮಾತ್ರ ಕೈ ತಡೆಯಿತು. ಹಾಳೆಗಳನ್ನು ಹಿಡಿದು ಮತ್ತೆ ಹೊಳೆಯ ಮೆಟ್ಟಿಲಿಗೆ ಬಂದಳು.

"ಪತ್ರಿಕೆಯವರದೊಂದು ಕಟ್ಟಳಿ ಐತ್ರಿ ಸರ್. ಮೊದಲನೇ ಚಿತ್ರದಾಗ ಒಂದು ಬಾಣದ ಗುರುತು ಇರಬೇಕು, ಓದೋರು ಎಲ್ಲಿ ನೋಡಬೇಕಂತ. ಒಂದ ಬಾಣ. ಎಲ್ಲಿಡ್ಲಿ? ಸೂಜಿಗೋ, ಮಬ್ಬಿಗೋ?"

"ಸೂಜಿಗೆ ಇಡು."

"ಸೂಜಿಗ್ಯಾ? ಹಂಗಾರ ಎಲ್ಲಾರೂ ನನ್ನಂಗ ಸೂಜೀನ್ನ ನೋಡಿ ಅಲ್ಲೇ ನಿಂದರ್ತಾರಲ್ರಿ!"

"ನಿಂದರಲಿ. ಕೆಳಗ ಒಂದು ಸಾಲು ಬರಿ: ಈ ಹೆಣ್ಮಗಳು ತಿಂಗಳಿಂದ ಕೆಮ್ಮಾಕತ್ತಾಳ, ಯಾಕ?"